ಸಂಶೋಧನೆಯ ಡೇಟಾ: ಯೋಜನೆ ಮೊದಲೇ ಇರಲಿ



ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿರುವ ನಮ್ಮ ಮಕ್ಕಳಿಗಾಗಿ ಈ ಮಾಹಿತಿ. ಧನಸಹಾಯದ ಅರ್ಜಿಯೊಂದಿಗೆ ಡೇಟಾ ನಿರ್ವಹಣೆಯ ಯೋಜನೆಯನ್ನೂ ಕೊಡಬೇಕೆಂಬ ನಿಯಮವನ್ನು ಎನ್‌ಎಸ್‌ಎಫ್ 2011ರ ಜನವರಿಯಲ್ಲಿ ತಂದಿತು. ಎನ್‌ಐಎಚ್‌ನ ವಿಸ್ತೃತ ನಿಯಮ 2023ರ ಜನವರಿಯಲ್ಲಿ ಬಂತು. ಯಾವ ಡೇಟಾ ಸಂಗ್ರಹಿಸುತ್ತೀರಿ, ಎಲ್ಲಿ ಇಡುತ್ತೀರಿ, ಯಾರಿಗೆ, ಯಾವಾಗ ಕೊಡುತ್ತೀರಿ ಎಂದು ಅದರಲ್ಲಿ ಬರೆಯಬೇಕು.

"ಆಮೇಲೆ ನೋಡೋಣ" ಎಂದರೆ ಕಷ್ಟ. ಸಮೀಕ್ಷೆಯ ಒಪ್ಪಿಗೆ ಪತ್ರದಲ್ಲಿ ಡೇಟಾ ಹಂಚಿಕೆಯ ಮಾತಿಲ್ಲದಿದ್ದರೆ, ವರ್ಷಗಳ ನಂತರ ಭಾಗವಹಿಸಿದವರನ್ನೆಲ್ಲ ಹುಡುಕಿ ಮತ್ತೆ ಸಹಿ ಕೇಳಬೇಕಾದೀತು. ಇನ್ನೊಂದು ಎಚ್ಚರಿಕೆ: ನಮ್ಮಂಥ ಸಣ್ಣ ಸಮುದಾಯದಲ್ಲಿ ಹೆಸರು ತೆಗೆದರೂ ಊರು, ವಯಸ್ಸು, ಕಾಯಿಲೆಯಿಂದಲೇ ವ್ಯಕ್ತಿ ಯಾರೆಂದು ತಿಳಿದುಬಿಡಬಹುದು.

ಯೋಜನೆ ಬರೆಯಲು ಅನೇಕ ವಿಶ್ವವಿದ್ಯಾಲಯಗಳ ಗ್ರಂಥಾಲಯದವರು ನೆರವಾಗುತ್ತಾರೆ. ಡೇಟಾ ಸಂಗ್ರಹಿಸುವ ಮೊದಲೇ ಅವರನ್ನು ಕಾಣಿರೆಂದು ನಮ್ಮ ಕೋರಿಕೆ.