ಮುಕಾದಮನ ದುಡ್ಡು ಮೊದಲು ಬರುತ್ತದೆ

ದಸರೆ-ದೀಪಾವಳಿಯ ಹೊತ್ತಿಗೆ ಕಲ್ಯಾಣ ಕರ್ನಾಟಕದ ಊರು, ತಾಂಡಾಗಳು ಗುಳೆ ಹೊರಡುತ್ತವೆ. ಕೆಲವರು ಮಹಾರಾಷ್ಟ್ರದ ಕಬ್ಬು ಕಡಿಯಲು, ಕೆಲವರು ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡಗಳಿಗೆ. ಗಂಟುಮೂಟೆ ಕಟ್ಟುವ ಮುಂಚೆಯೇ, ಕೂಲಿಯಾಳುಗಳನ್ನು ಒಟ್ಟುಮಾಡಿ ಕರೆದೊಯ್ಯುವ ಮುಕಾದಮನ ಮುಂಗಡ ಕೈಸೇರಿ, ಮದುವೆಗೋ ಆಸ್ಪತ್ರೆಗೋ ಖರ್ಚಾಗಿರುತ್ತದೆ. ಅದು ತೀರುವವರೆಗೆ ಹಿಂದಿರುಗುವಂತಿಲ್ಲ. ಅಪ್ಪ-ಅಮ್ಮನ ಜೊತೆ ಹೋದ ಮಗುವಿಗೆ ಶಾಲೆಯ ವರ್ಷ ಅರ್ಧಕ್ಕೇ ಮುಗಿಯುತ್ತದೆ.

ಈ ಮುಂಗಡಕ್ಕೆ ಎದುರಾಗಿ ಸರ್ಕಾರದ ಹಣವೂ ಇದೆ. ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಮುಡಬಿಯಂಥ ಹೋಬಳಿ ಊರಿನಲ್ಲಿ ನಿಂತು ನೋಡಿದರೆ ಮಾತ್ರ ಅದು ಎಷ್ಟು ದೂರದಲ್ಲಿದೆ ಎಂಬುದು ತಿಳಿಯುತ್ತದೆ. 1976ರ ಜೀತಪದ್ಧತಿ ರದ್ದತಿ ಕಾಯ್ದೆ ಜೀತದ ಸಾಲವನ್ನೇ ಅಳಿಸಿಹಾಕಿತು. ಬಿಡುಗಡೆಯಾದವರಿಗೆ 1978ರ ಯೋಜನೆ ಕೊಟ್ಟದ್ದು ತಲೆಗೆ 4,000 ರೂಪಾಯಿ. 2000ದಲ್ಲಿ ಅದು 20,000 ಆಯಿತು. 2016ರಲ್ಲಿ ಗಂಡಸರಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ಘೋರ ಪ್ರಕರಣಗಳಲ್ಲಿ 3 ಲಕ್ಷ ಎಂದಾಯಿತು. ತಕ್ಷಣದ ನೆರವಿಗೆಂದು ಜಿಲ್ಲಾಧಿಕಾರಿಯ ಕೈಯಲ್ಲಿ 10 ಲಕ್ಷದ ನಿಧಿ ಇರಬೇಕೆಂದೂ ಬರೆದರು. ಆದರೆ ಪೂರ್ತಿ ಮೊತ್ತವನ್ನು ಆರೋಪಿಗೆ ಶಿಕ್ಷೆಯಾಗುವುದಕ್ಕೆ ಗಂಟು ಹಾಕಿದರು. ಕೋರ್ಟಿನ ಸಂಗತಿ ಗೊತ್ತಿದ್ದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಮೇಲಾಗಿ ಮೊದಲು ಬಿಡುಗಡೆ ಪತ್ರ ಬೇಕು. ಜೀತ ಪತ್ತೆಯಾದದ್ದು ಈ ತಾಲ್ಲೂಕಿನಲ್ಲಾದರೆ ಬಸವಕಲ್ಯಾಣದ ಉಪವಿಭಾಗಾಧಿಕಾರಿ ಕೊಡಬಹುದು. ಸೊಲ್ಲಾಪುರದ ಕಡೆಯಾದರೆ ಅಲ್ಲಿನ ಅಧಿಕಾರಿಯೇ ಸಹಿ ಹಾಕಬೇಕು.

ದುಡಿಮೆಯಿಂದ ಬಿಡಿಸಿದ ಮಕ್ಕಳಿಗೆಂದು ಇರುವ ನಿಧಿಯ ಕಥೆ ಬೇರೆ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ, ಮಗುವನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚಿದ ಮಾಲೀಕ 20,000 ರೂಪಾಯಿ ಕಟ್ಟಬೇಕು ಎಂದಿತು. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ಪ್ರಕಾರ ದಂಡದ ಹಣಕ್ಕೆ ಸರ್ಕಾರ 15,000 ಸೇರಿಸಿ ಮಗುವಿನ ಹೆಸರಲ್ಲಿ ಇಡಬೇಕು.

ಬೀದರಿಗೆ ಹೊರದೇಶದ ದುಡ್ಡೂ ಬಂದಿತ್ತು. ಈ ಶತಮಾನದ ಮೊದಲ ದಶಕದಲ್ಲಿ, ಇಟಲಿ ಸರ್ಕಾರದ ನೆರವಿನಿಂದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಬಾಲಕಾರ್ಮಿಕ ಯೋಜನೆಯೊಂದಕ್ಕೆ ರಾಜ್ಯದ ಎರಡು ತುದಿಗಳನ್ನು ಆರಿಸಿಕೊಂಡಿತು: ಬೀದರ್ ಮತ್ತು ಚಾಮರಾಜನಗರ. ಇಂಥ ಯೋಜನೆಗಳ ತೊಂದರೆ ಒಂದೇ. ಅವಧಿ ಮುಗಿದೊಡನೆ ಕಚೇರಿಯೂ ಎದ್ದು ಹೋಗುತ್ತದೆ. ಮುಕಾದಮ ಮಾತ್ರ ಪ್ರತಿ ವರ್ಷ ತಪ್ಪದೆ ಬರುತ್ತಾನೆ.

ಆ ದೃಷ್ಟಿಯಿಂದ ಆನೇಕಲ್ಲಿನ ಕಡೆಯಲ್ಲಿ ಕಿರಣ್ ಕಮಲ್ ಪ್ರಸಾದ್ ಕಟ್ಟಿದ 'ಜೀವಿಕ', ಅಂದರೆ ಜೀತ ವಿಮುಕ್ತಿ ಕರ್ನಾಟಕ, ನನಗೆ ಹೆಚ್ಚು ಬಾಳಿಕೆಯ ಮಾದರಿ ಎನಿಸುತ್ತದೆ. ಜೀತದಿಂದ ಹೊರಬಂದವರನ್ನೇ ಅದು ಸಂಘಟಿಸಿತು. ಯಾರ ಮನೆಯಲ್ಲಿ ಯಾರು ಯಾವ ಸಾಲಕ್ಕೆ ದುಡಿಯುತ್ತಿದ್ದಾರೆಂದು ಸಮೀಕ್ಷೆಯ ಗುಮಾಸ್ತನಿಗಿಂತ ಮೊದಲು ತಿಳಿಯುವುದು ಅವರಿಗೇ. ಅವರ ಬಸ್ ಚಾರ್ಜು, ಅರ್ಜಿಯ ಖರ್ಚು, ಕಚೇರಿಗೆ ಅಲೆದು ಕಳೆದುಕೊಂಡ ದಿನಗೂಲಿ ಭರಿಸಲು ಬೇಕಾದ್ದು ಸಣ್ಣ ಹಣ. ದೊಡ್ಡ ಯೋಜನೆಗಳಲ್ಲಿ ಸಿಕ್ಕುವುದೇ ಕಷ್ಟವಾದದ್ದೂ ಅದೇ.

ಊರ ಮಟ್ಟದಲ್ಲಿ ಇನ್ನೆರಡು ಖರ್ಚುಗಳು ಮುಖ್ಯ. ಗುಳೆ ಹೋದವರ ಮಕ್ಕಳು ಊರಲ್ಲೇ ಉಳಿದು ಓದಲು ಋತುಮಾನದ ವಸತಿ ನಿಲಯ: ಅದರ ಬಾಗಿಲು ದಸರೆಗೆ ಮೊದಲೇ ತೆರೆದಿರಬೇಕು. ಇನ್ನೊಂದು, 2023ರಲ್ಲಿ ರಾಜ್ಯದ ಗ್ರಾಮ ಪಂಚಾಯತಿಗಳಲ್ಲಿ ಶುರುವಾದ 'ಕೂಸಿನ ಮನೆ'. ಕೂಲಿಗೆ ಹೋಗುವ ತಾಯಿ ಕೂಸನ್ನು ಅಲ್ಲಿ ಬಿಟ್ಟರೆ, ಅದನ್ನು ನೋಡಿಕೊಳ್ಳಲೆಂದು ಮನೆಯಲ್ಲಿ ಉಳಿಯುತ್ತಿದ್ದ ಅಕ್ಕ ಶಾಲೆಗೆ ಹೋಗಬಹುದು. ಈ ಖರ್ಚನ್ನು ಯಾರೂ ಬಾಲಕಾರ್ಮಿಕ ನಿರ್ಮೂಲನೆಯ ಲೆಕ್ಕಕ್ಕೆ ಬರೆಯುವುದಿಲ್ಲ.