ಮನೆ ಬದಲಿಸುವ ಮುನ್ನ ಡಿಪಾಸಿಟ್ ಜೋಪಾನ

ಮುಂಬಯಿ: ಉದರ ನಿಮಿತ್ತ ಊರು ಬಿಟ್ಟು ಈ ಮಹಾನಗರವನ್ನು ಸೇರಿದ ನಮ್ಮವರಲ್ಲಿ ಸ್ವಂತ ಸೂರು ಕಂಡವರು ಭಾಗ್ಯವಂತರು. ಉಳಿದವರಿಗೆ ಹನ್ನೊಂದು ತಿಂಗಳಿಗೊಮ್ಮೆ ಅದೇ ಚಿಂತೆ. ಕರಾರು ಮುಂದುವರಿದೀತೇ, ಬಾಡಿಗೆ ಏರೀತೇ, ಬಿಡಬೇಕಾಗಿ ಬಂದರೆ ಕಟ್ಟಿದ ಡಿಪಾಸಿಟ್ ಕೈಗೆ ಬಂದೀತೇ? ವಿಕ್ರೋಳಿ ಪೂರ್ವದ ಕನ್ನಂವಾರ್ ನಗರ, ಟಾಗೋರ್ ನಗರಗಳಲ್ಲಿ ಮ್ಹಾಡಾದ ಹಳೆಯ ಕಟ್ಟಡಗಳು ಒಂದೊಂದಾಗಿ ಪುನರ್‌ನಿರ್ಮಾಣಕ್ಕೆ ಹೋಗುತ್ತಿರುವುದರಿಂದ ಈ ಚಿಂತೆ ಇನ್ನಷ್ಟು ಹೆಚ್ಚಿದೆ. ಕಟ್ಟಡ ಕೆಡವುವಾಗ ಬಿಲ್ಡರ್ ಕೊಡುವ ಬದಲಿ ಬಾಡಿಗೆ ಮನೆಯ ಮಾಲಕರಿಗೆ ಸಲ್ಲುತ್ತದೆಯೇ ಹೊರತು ಅಲ್ಲಿ ಲೀವ್ ಆ್ಯಂಡ್ ಲೈಸೆನ್ಸ್ ಮೇಲೆ ಇದ್ದವರಿಗಲ್ಲ. ಅವರ ಪಾಲಿಗೆ ಉಳಿಯುವುದು ಡಿಪಾಸಿಟ್ ಒಂದೇ.

ಹೆಸರಿನ ಗೊಂದಲ

ಬೆಂಗಳೂರು ಕಡೆಯಿಂದ ಬಂದವರು 'ಅಡ್ವಾನ್ಸ್' ಎನ್ನುವುದನ್ನು ಇಲ್ಲಿ 'ಡಿಪಾಸಿಟ್' ಎನ್ನುತ್ತಾರೆ. ಮುಂಬಯಿಯಲ್ಲಿ ಅಡ್ವಾನ್ಸ್ ಬಾಡಿಗೆ ಎಂದರೆ ಮುಂಗಡವಾಗಿ ಕೊಟ್ಟ ಬಾಡಿಗೆ. ಅದು ತಿಂಗಳು ಕಳೆದಂತೆ ಮುಗಿದು ಹೋಗುತ್ತದೆ. ಡಿಪಾಸಿಟ್ ಮರಳಿ ಬರಬೇಕಾದ ಹಣ. ಪಗಡಿಯದು ಬೇರೆಯೇ ಕತೆ. 1947ರ ಮುಂಬಯಿ ಬಾಡಿಗೆ ಕಾಯ್ದೆಯಲ್ಲಿ ನಿಷಿದ್ಧವಾಗಿದ್ದ ಪಗಡಿಗೆ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999 ಮಾನ್ಯತೆ ನೀಡಿತು. ಈ ಕಾಯ್ದೆ 2000ದ ಮಾರ್ಚ್ 31ರಿಂದ ಜಾರಿಯಲ್ಲಿದೆ. ಕೊಟ್ಟ ಹಣ ಈ ಮೂರರಲ್ಲಿ ಯಾವುದು ಎಂಬುದು ರಸೀದಿಯಲ್ಲೂ ಕರಾರಿನಲ್ಲೂ ಸ್ಪಷ್ಟವಾಗಿರಬೇಕು. 'ಅಡ್ವಾನ್ಸ್ ಸಂದಿದೆ' ಎಂಬ ಒಂದೇ ಸಾಲಿನ ಚೀಟಿ ಮುಂದೆ ಜಗಳಕ್ಕೆ ದಾರಿ.

ನೋಂದಣಿ ಮಾಲಕರ ಹೊಣೆ

ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಕಿಲ್ಲ ಎಂಬ ನಂಬಿಕೆ ನಮ್ಮವರಲ್ಲಿ ಇನ್ನೂ ಇದೆ. ಮಹಾರಾಷ್ಟ್ರದಲ್ಲಿ ಇದು ಸರಿಯಲ್ಲ. 1999ರ ಕಾಯ್ದೆಯ 55ನೇ ಕಲಮಿನಂತೆ ಲೀವ್ ಆ್ಯಂಡ್ ಲೈಸೆನ್ಸ್ ಕರಾರು ಲಿಖಿತವಾಗಿದ್ದು ನೋಂದಣಿಯಾಗಿರಲೇಬೇಕು, ಅದು ಮಾಲಕರ ಜವಾಬ್ದಾರಿ. ತಪ್ಪಿದರೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂ. ವರೆಗೆ ದಂಡ ಅಥವಾ ಎರಡೂ. ನೋಂದಾಯಿತ ಕರಾರು ಇಲ್ಲದಿದ್ದಲ್ಲಿ, ಬೇರೆ ರೀತಿ ಸಾಬೀತಾಗದ ಹೊರತು, ಷರತ್ತುಗಳ ಬಗ್ಗೆ ಬಾಡಿಗೆದಾರರ ಮಾತೇ ನಿಲ್ಲುತ್ತದೆ.

ಖರ್ಚು ಹೆಚ್ಚೇನಲ್ಲ. ತಿಂಗಳಿಗೆ 20,000 ರೂ. ಬಾಡಿಗೆ, ಒಂದು ಲಕ್ಷ ಡಿಪಾಸಿಟ್, ಹನ್ನೊಂದು ತಿಂಗಳ ಕರಾರು ಎಂದುಕೊಳ್ಳಿ. ಒಟ್ಟು ಬಾಡಿಗೆ 2,20,000 ರೂ. ಡಿಪಾಸಿಟ್ ಮೇಲೆ ವಾರ್ಷಿಕ ಶೇ. 10ರಂತೆ ಲೆಕ್ಕಕ್ಕೆ ಹಿಡಿಯುವ ಬಡ್ಡಿ ಸುಮಾರು 9,200 ರೂ. ಇವೆರಡೂ ಸೇರಿದ ಮೊತ್ತದ ಶೇ. 0.25 ಮುದ್ರಾಂಕ ಶುಲ್ಕ, ಅಂದರೆ 600 ರೂ. ಒಳಗೆ. ನಗರದಲ್ಲಿ ನೋಂದಣಿ ಶುಲ್ಕ 1,000 ರೂ. ಒಂದು ಲಕ್ಷ ರೂಪಾಯಿಯ ರಕ್ಷಣೆಗೆ ಇದು ದುಬಾರಿಯಲ್ಲ.

ಹೆವಿ ಡಿಪಾಸಿಟ್ ಎಚ್ಚರ

ತಿಂಗಳ ಬಾಡಿಗೆ ಇಲ್ಲ, ಕೆಲವು ಲಕ್ಷ ಒಟ್ಟಿಗೆ ಕೊಟ್ಟರೆ ಸಾಕು ಎಂಬ ಹೆವಿ ಡಿಪಾಸಿಟ್ ಆಕರ್ಷಕವಾಗಿ ಕಾಣುತ್ತದೆ. ಆದರೆ ಲೈಸೆನ್ಸ್ ಎಂಬುದು ಮನೆಯ ಮೇಲೆ ಯಾವ ಹಕ್ಕನ್ನೂ ಕೊಡುವುದಿಲ್ಲ. ಮಾಲಕರು ಮನೆ ಮಾರಿದರೆ, 1882ರ ಈಸ್‌ಮೆಂಟ್ಸ್ ಕಾಯ್ದೆಯಂತೆ, ಕೊಂಡವರು ಆ ಲೈಸೆನ್ಸಿಗೆ ಬದ್ಧರಲ್ಲ. ಮನೆಯ ಮೇಲೆ ಬ್ಯಾಂಕ್ ಸಾಲವಿದೆಯೇ, ಕಟ್ಟಡ ಪುನರ್‌ನಿರ್ಮಾಣಕ್ಕೆ ಹೋಗುವ ಮಾತುಕತೆ ನಡೆದಿದೆಯೇ ಎಂದು ಸೊಸೈಟಿಯಲ್ಲಿ ವಿಚಾರಿಸಿಯೇ ಹಣ ಕೊಡಬೇಕು. ಊರಿನ ಜಾಗ ಮಾರಿದ ಹಣವನ್ನೋ ಮಗಳ ಮದುವೆಗಿಟ್ಟ ಹಣವನ್ನೋ ಹೀಗೆ ಒಬ್ಬರ ಕೈಗಿಡುವ ಮುನ್ನ ಎರಡು ಬಾರಿ ಯೋಚಿಸುವುದು ಒಳಿತು.

ಎರಡು ಮನೆಗಳ ನಡುವೆ

ನಿಜವಾದ ಕಷ್ಟ ಬರುವುದು ಮನೆ ಬದಲಿಸುವ ವಾರದಲ್ಲಿ. ಹೊಸ ಮನೆಯ ಡಿಪಾಸಿಟ್, ಮೊದಲ ತಿಂಗಳ ಬಾಡಿಗೆ, ಬ್ರೋಕರನ ದಲಾಲಿ, ಟೆಂಪೋ ಬಾಡಿಗೆ ಎಲ್ಲವೂ ಮೊದಲೇ ಬೇಕು. ಹಳೆಯ ಡಿಪಾಸಿಟ್ ಬರುವುದು ಕೀಲಿಕೈ ಕೊಟ್ಟ ಮೇಲೆ. ಈ ನಡುವಿನ ಕೆಲವು ದಿನಗಳಿಗಾಗಿ ಚಿನ್ನ ಅಡವಿಡುವ ಕುಟುಂಬಗಳಿವೆ. ಇದನ್ನು ತಪ್ಪಿಸಲು ಕೆಲವು ಕ್ರಮಗಳು ನೆರವಾಗುತ್ತವೆ.

ಬಿಡುವ ನೋಟಿಸನ್ನು ಕರಾರಿನಲ್ಲಿದ್ದಷ್ಟು ದಿನ ಮೊದಲೇ ಲಿಖಿತವಾಗಿ ಕೊಡಿ. ಆಗಲೇ ಡಿಪಾಸಿಟ್‌ನ ಅರ್ಧ ಭಾಗವನ್ನಾದರೂ ಮುಂಚಿತವಾಗಿ ಕೇಳಿ ನೋಡಿ. ಹೊಸ ಮನೆಗೆ ಟೋಕನ್ ಮಾತ್ರ ಕೊಟ್ಟು, ಉಳಿದದ್ದನ್ನು ನೋಂದಣಿಯ ದಿನ ಚೆಕ್ ಅಥವಾ ಬ್ಯಾಂಕ್ ಮೂಲಕ ಮಾಲಕರ ಖಾತೆಗೇ ಪಾವತಿಸಿ, ಬ್ರೋಕರನ ಕೈಗಲ್ಲ. ಕೊನೆಯ ಬಾಡಿಗೆಯನ್ನು ಡಿಪಾಸಿಟ್‌ನಲ್ಲಿ ಮುರಿದುಕೊಳ್ಳಿ ಎನ್ನುವುದಾದರೆ ಮಾಲಕರ ಒಪ್ಪಿಗೆ ಬರಹದಲ್ಲಿರಲಿ. ಮನೆಗೆ ಬಂದ ದಿನವೂ ಬಿಡುವ ದಿನವೂ ಗೋಡೆ, ನಲ್ಲಿ, ಫ್ಯಾನುಗಳ ಫೋಟೋ ತೆಗೆದಿಡಿ, ಲೈಟ್ ಮೀಟರಿನ ಅಂಕಿ ಬರೆದಿಡಿ. ಪೈಂಟಿಂಗ್ ಖರ್ಚು ಯಾರದ್ದೆಂಬುದು ಕರಾರಿನಲ್ಲೇ ಇರಲಿ.

ಡಿಪಾಸಿಟ್ ಬಂದಿಲ್ಲವೆಂದು ಅವಧಿ ಮುಗಿದ ಮೇಲೂ ಮನೆ ಹಿಡಿದಿಟ್ಟುಕೊಳ್ಳುವುದು ಅಪಾಯಕಾರಿ. 24ನೇ ಕಲಮಿನಂತೆ ಹಾಗೆ ಉಳಿದವರು ಎರಡು ಪಟ್ಟು ಬಾಡಿಗೆಯನ್ನು ನಷ್ಟ ಪರಿಹಾರವಾಗಿ ತೆರಬೇಕಾದೀತು. ಆದ್ದರಿಂದ 'ಕೀಲಿಕೈ ಮತ್ತು ಡಿಪಾಸಿಟ್ ಒಂದೇ ಹೊತ್ತಿಗೆ, ತಡವಾದರೆ ಬಡ್ಡಿ' ಎಂಬ ಷರತ್ತನ್ನು ಮೊದಲೇ ಬರೆಸಿಕೊಳ್ಳುವುದು ಜಾಣತನ. ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಸಿಟ್ ಬೇಡ ಎನ್ನುತ್ತದೆ. ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿಯಷ್ಟೇ, ತಾನಾಗಿ ಅನ್ವಯಿಸದು.

ಹಣ ಬಾರದೇ ಹೋದರೆ ವಕೀಲರ ಮೂಲಕ ನೋಟಿಸ್ ಕಳುಹಿಸಬೇಕು. ಹಣ ವಸೂಲಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇರುವುದರಿಂದ 'ಮುಂದಿನ ತಿಂಗಳು' ಎಂಬ ಮಾತಿಗೆ ವರ್ಷಗಟ್ಟಲೆ ಕಾಯಬಾರದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಲಭ್ಯ. ಇದನ್ನು ನಮ್ಮ ಸಹೋದರಿಯರು ಬಳಸಿಕೊಳ್ಳಬೇಕು.

ನಮ್ಮ ಸಂಘ ಸಂಸ್ಥೆಗಳಲ್ಲಿ ನ್ಯಾಯವಾದಿಗಳಿಗೆ ಕೊರತೆಯಿಲ್ಲ. ವರ್ಷಕ್ಕೊಮ್ಮೆ ಆರೋಗ್ಯ ಶಿಬಿರದ ಜೊತೆಯಲ್ಲೇ ಬಾಡಿಗೆ ಕರಾರು ಓದಿ ವಿವರಿಸುವ ಒಂದು ಮೇಜು ಇಟ್ಟರೂ ಸಾಕು. ಮರಾಠಿ ಓದಲು ಬಾರದೆ ಸಹಿ ಹಾಕುವ ಎಷ್ಟೋ ಕನ್ನಡಿಗರ ದುಡಿಮೆಯ ಹಣ ಉಳಿದೀತು.