ಚಳಿಜ್ವರವೂ ರಕ್ತವೂ

ಚಳಿಜ್ವರದ ಲಕ್ಷಣಗಳನ್ನು ಅರಿಯದವರು ನಮ್ಮಲ್ಲಿ ವಿರಳ. ಮೊದಲು ನಡುಕ, ಬಳಿಕ ಕಾವು, ಕೊನೆಗೆ ಬೆವರು. ಬೆವರಿದ ಮೇಲೆ ರೋಗಿಯು ಎದ್ದು ಕುಳಿತು ಗಂಜಿಯನ್ನು ಕೇಳುತ್ತಾನೆ. ಮನೆಯವರು ಜ್ವರ ಬಿಟ್ಟಿತೆಂದು ಸಮಾಧಾನಗೊಳ್ಳುತ್ತಾರೆ. ಆದರೆ ಜ್ವರವು ಈ ರೋಗದ ಹೊರಗಣ ಕುರುಹು ಮಾತ್ರ. ಅದರ ನಿಜವಾದ ಹಾವಳಿ ನಡೆಯುವುದು ರಕ್ತದಲ್ಲಿ. ಅದು ಎಂತಹುದೆಂಬುದನ್ನು ಈಗ ವಿಚಾರ ಮಾಡೋಣ.

ಮಲೇರಿಯಾ ಎಂಬುದು ಇಟಲಿ ದೇಶದ ಮಾತು; ಕೆಟ್ಟ ಗಾಳಿ ಎಂದು ಅದರ ಅರ್ಥ. ಜೌಗುನೆಲದ ಗಾಳಿಯೇ ಈ ರೋಗಕ್ಕೆ ಕಾರಣವೆಂದು ಜನರು ಬಹುಕಾಲ ನಂಬಿದ್ದರು. 1880ರಲ್ಲಿ ಆಲ್ಜೀರಿಯದಲ್ಲಿದ್ದ ಲಾವರಾನ್ ಎಂಬ ಫ್ರೆಂಚ್ ಸೇನಾವೈದ್ಯನು ರೋಗಿಯ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಅದರಲ್ಲಿ ಚಲಿಸುವ ಜೀವಿಯೊಂದನ್ನು ಕಂಡನು. 1897ರಲ್ಲಿ ರೊನಾಲ್ಡ್ ರಾಸನು ಸಿಕಂದರಾಬಾದಿನಲ್ಲಿ ಅದೇ ಜೀವಿಯನ್ನು ಸೊಳ್ಳೆಯ ಹೊಟ್ಟೆಯಲ್ಲಿ ಗುರುತಿಸಿದನು. ಆಗ ದೋಷವು ಗಾಳಿಯದಲ್ಲವೆಂಬುದು ಗೊತ್ತಾಯಿತು.

ಆರೋಗ್ಯವಂತನ ಒಂದು ಘನ ಮಿಲಿಮೀಟರು ರಕ್ತದಲ್ಲಿ ಸುಮಾರು 50 ಲಕ್ಷ ಕೆಂಪು ಕಣಗಳಿರುತ್ತವೆ. ಇವು ತಮ್ಮಲ್ಲಿರುವ ಹಿಮೋಗ್ಲೋಬಿನ್ ಎಂಬ ದ್ರವ್ಯದ ಬಲದಿಂದ ಪ್ರಾಣವಾಯುವನ್ನು ದೇಹದ ಮೂಲೆಮೂಲೆಗೂ ಹೊರುತ್ತವೆ. ಒಂದೊಂದು ಕಣದ ಆಯುಸ್ಸು ಸುಮಾರು 120 ದಿನ. ಅನಾಫಿಲಿಸ್ ಜಾತಿಯ ಹೆಣ್ಣುಸೊಳ್ಳೆ ಕಚ್ಚಿದಾಗ ದೇಹವನ್ನು ಹೊಕ್ಕ ರೋಗಜೀವಿಯು ಮೊದಲು ಯಕೃತ್ತಿನಲ್ಲಿ ಅಡಗಿ ಸಾವಿರಾರಾಗಿ ಬೆಳೆಯುತ್ತದೆ. ಆಗ ರೋಗಿಗೆ ಯಾವ ಬಾಧೆಯೂ ತೋರದು. ಬಳಿಕ ಅದು ರಕ್ತಕ್ಕಿಳಿದು ಕೆಂಪು ಕಣಗಳೊಳಗೆ ಹೊಗುತ್ತದೆ.

ಕಣದೊಳಗೆ ಸೇರಿದ ಜೀವಿಗೆ ಹಿಮೋಗ್ಲೋಬಿನ್ನೇ ಆಹಾರ. ತಿಂದುಳಿದ ಭಾಗವು ಕಂದುಗಪ್ಪು ಬಣ್ಣದ ಹರಳುಗಳಾಗಿ ಉಳಿಯುತ್ತದೆ. ಜೀವಿಯು ಹತ್ತಿಪ್ಪತ್ತು ಮರಿಗಳಾಗಿ ಒಡೆದೊಡನೆ ಕಣವು ಬಿರಿಯುತ್ತದೆ. ಮರಿಗಳು ಹೊರಬಿದ್ದು ಹೊಸ ಕಣಗಳನ್ನು ಹಿಡಿಯುತ್ತವೆ. ಅಸಂಖ್ಯಾತ ಕಣಗಳು ಒಂದೇ ವೇಳೆಗೆ ಬಿರಿದಾಗಲೇ ರೋಗಿಗೆ ಚಳಿ ಹುಟ್ಟುವುದು. ಈ ಸಂಬಂಧವನ್ನು 1886ರ ವೇಳೆಗೆ ಇಟಲಿಯ ಗಾಲ್ಜಿ ಎಂಬ ವಿಜ್ಞಾನಿಯು ತೋರಿಸಿಕೊಟ್ಟನು. ವೈವಾಕ್ಸ್ ಎಂಬ ಜಾತಿಗೆ ಈ ಕ್ರಮ ಮುಗಿಯಲು 48 ಗಂಟೆ ಬೇಕು. ಆದುದರಿಂದಲೇ ದಿನ ಬಿಟ್ಟು ದಿನ ಜ್ವರ. ಮಲೇರಿಯೇ ಎಂಬ ಜಾತಿಗೆ 72 ಗಂಟೆ. ಅದು ಎರಡು ದಿನ ಬಿಟ್ಟು ಬರುವ ಜ್ವರ.

ನಷ್ಟವು ಬಿರಿದ ಕಣಗಳಷ್ಟಕ್ಕೇ ನಿಲ್ಲುವುದಿಲ್ಲ. ರಕ್ತವನ್ನು ಸೋಸುವ ಗುಲ್ಮವು ರೋಗ ತಗಲಿದ ಕಣಗಳೊಂದಿಗೆ ತಗಲದ ಅನೇಕ ಕಣಗಳನ್ನೂ ನಾಶಮಾಡುತ್ತದೆ. ಈ ದುಡಿಮೆಯಿಂದ ತಾನೂ ಊದುತ್ತದೆ. ಜನರು ಜ್ವರಗಡ್ಡೆ ಎನ್ನುವುದು ಇದನ್ನೇ. ಹೊಸ ಕಣಗಳನ್ನು ತಯಾರಿಸಬೇಕಾದ ಎಲುಬಿನ ಮಜ್ಜೆಯೂ ಆಗ ಮಂದವಾಗುತ್ತದೆ. ವೆಚ್ಚ ಹೆಚ್ಚಿ ಆದಾಯ ಕುಗ್ಗಿದ ಸಂಸಾರದಂತೆ ರಕ್ತವು ಬಡವಾಗುತ್ತದೆ. ಮುಖ ಬಿಳಿಚುವುದು, ನಾಲ್ಕು ಹೆಜ್ಜೆಗೆ ಏದುಸಿರು ಬರುವುದು ಇದರ ಫಲ. ಎಳೆಯ ಮಕ್ಕಳಿಗೂ ಗರ್ಭಿಣಿಯರಿಗೂ ಈ ರಕ್ತಹೀನತೆಯೇ ಪ್ರಾಣಾಂತಿಕವಾಗಬಹುದು.

ಫಾಲ್ಸಿಪಾರಂ ಎಂಬ ಜಾತಿ ಎಲ್ಲಕ್ಕಿಂತ ಕ್ರೂರವಾದುದು. ವೈವಾಕ್ಸ್ ಹೆಚ್ಚಾಗಿ ಎಳೆಯ ಕಣಗಳನ್ನು ಹಿಡಿದರೆ, ಇದು ಎಳೆಯದು ಬಲಿತದ್ದು ಎಂಬ ಭೇದವಿಲ್ಲದೆ ಎಲ್ಲವನ್ನೂ ಹಿಡಿಯುತ್ತದೆ. ಇದು ಹೊಕ್ಕ ಕಣಗಳ ಮೈ ಅಂಟಂಟಾಗಿ, ಅವು ಸಣ್ಣ ರಕ್ತನಾಳಗಳ ಗೋಡೆಗೆ ಕಚ್ಚಿಕೊಂಡು ಪ್ರವಾಹವನ್ನು ತಡೆಯುತ್ತವೆ. ಮಿದುಳಿನಲ್ಲಿ ಹೀಗಾದರೆ ರೋಗಿಯು ಎಚ್ಚರ ತಪ್ಪುತ್ತಾನೆ. ಬಲಿತ ಜೀವಿಗಳು ಹೀಗೆ ಒಳಗೆ ಮರೆಯಾಗಿರುವುದರಿಂದ ಬೆರಳಿನಿಂದ ತೆಗೆದ ಹನಿಯಲ್ಲಿ ಅವುಗಳ ಸಂಖ್ಯೆ ಅಲ್ಪವೆಂದು ತೋರಬಹುದು. ಒಮ್ಮೆ ಪರೀಕ್ಷೆಯಲ್ಲಿ ಕಾಣಲಿಲ್ಲವೆಂದು ವೈದ್ಯರು ಸುಮ್ಮನಾಗದೆ ಮತ್ತೆ ರಕ್ತವನ್ನು ಕೇಳುವುದು ಈ ಕಾರಣದಿಂದ.

ಇನ್ನು ವೈವಾಕ್ಸಿನ ಕಪಟವೇ ಬೇರೆ. ರಕ್ತವು ಶುದ್ಧವಾದ ಮೇಲೂ ಅದರ ಕೆಲವು ಜೀವಿಗಳು ಯಕೃತ್ತಿನಲ್ಲಿ ನಿದ್ರಿಸುತ್ತಿದ್ದು, ವಾರಗಳು ಅಥವಾ ತಿಂಗಳುಗಳು ಕಳೆದ ಮೇಲೆ ಎಚ್ಚೆತ್ತು ಜ್ವರವನ್ನು ಮರುಕಳಿಸುತ್ತವೆ. ಅದಕ್ಕಾಗಿ ಪ್ರಿಮಾಕ್ವಿನ್ ಮೊದಲಾದ ಬೇರೆ ಔಷಧಗಳುಂಟು. ಅವು ಕೆಲವರ ರಕ್ತಕ್ಕೆ ಒಗ್ಗದಿರುವುದರಿಂದ ವೈದ್ಯರ ಸಲಹೆಯಿಲ್ಲದೆ ಸೇವಿಸತಕ್ಕದ್ದಲ್ಲ.

ಆದುದರಿಂದ ನಡುಕದೊಡನೆ ಜ್ವರ ಬಂದರೆ ಮೂರನೆಯ ಸರದಿಗಾಗಿ ಕಾಯದೆ ಕೂಡಲೇ ರಕ್ತವನ್ನು ಪರೀಕ್ಷೆ ಮಾಡಿಸುವುದು ಯುಕ್ತ. ಕೊಟ್ಟ ಔಷಧವನ್ನು, ಮೈ ತಣ್ಣಗಾದರೂ, ಹೇಳಿದಷ್ಟು ದಿನ ಪೂರ್ತಿಯಾಗಿ ತೆಗೆದುಕೊಳ್ಳಬೇಕು. ಬಿಳಿಚಿದ ಮುಖವು ಮತ್ತೆ ಕಳೆಗೂಡಲು ವಾರಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ರೋಗಿಗೆ ವಿಶ್ರಾಂತಿಯೂ ಪುಷ್ಟಿಯಾದ ಆಹಾರವೂ ಅವಶ್ಯ.